ಹಿತ್ತಲಿಗೆ ಹೋದ ನುಚ್ಚು

ನನ್ನ ಕುಬುಸದ ದಿನ ಅವ್ವ ಕಲಬುರಗಿಯಿಂದ ಬಸ್ಸಿನಲ್ಲಿ ಜೋಳದ ನುಚ್ಚು ತಂದಿದ್ದಳು. ಬಸುರಿಯ ಬಯಕೆ, ಆಗ ಔರಂಗಾಬಾದ್ ಅನ್ನುತ್ತಿದ್ದ ಸಂಭಾಜಿನಗರದ ಗಂಡನ ಮನೆಯಲ್ಲಿ ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಆ ಊರಿನ ಕನ್ನಡ ಮನೆತನದಲ್ಲೇ ಹುಟ್ಟಿ ಬೆಳೆದವಳು. ಬೋಗುಣಿಯ ಮುಚ್ಚಳ ಸಹ ತೆಗೆಯಲಿಲ್ಲ.

“ಏನ್ರಿ ಇದು?”

“ಜೋಳದ ನುಚ್ರಿ,” ಅಂದಳು ಅವ್ವ. “ಒಡದ ಜೋಳ ಕುದಿಸಿದ್ದು. ಮಜ್ಜಿಗಿ ಕೂಡ ಉಣ್ಣೋದು.”

“ನುಚ್ಚಾ? ನಾವು ಆಕಳಿಗಿ ಇಡ್ತೀವ್ರಿ. ಹಿತ್ತಲಾಗ ಇಡ್ರಿ.”

ಹೆಂಗಸರೆಲ್ಲ ನಕ್ಕರು. ಸಂಜೆ ಅವ್ವ ಹಿತ್ತಲಿನಿಂದ ಆ ಬೋಗುಣಿ ಎತ್ತಿಕೊಂಡು ಬಸ್ಸು ಹತ್ತಿದಳು. ಮತ್ತೆಂದೂ ಆ ಹೊಸ್ತಿಲು ತುಳಿಯಲಿಲ್ಲ.

ಕಾನ್ವೆಂಟಿನ ಸಿಸ್ಟರುಗಳು ನಮಗೆ ಫರ್ಗಿವ್‌ನೆಸ್ ಮತ್ತು ಕರ್ಸಿವ್ ಕೈಬರಹ ಎರಡನ್ನೂ ಕಲಿಸಿದ್ದರು. ನನಗೆ ಕರ್ಸಿವ್ ಚೆನ್ನಾಗಿ ಬಂತು.

ಹೋದ ವರ್ಷ ಈಗ ನಾವಿರುವ ನಾಶಿಕದ ಮನೆಯಲ್ಲಿ ನಮ್ಮ ಮದುವೆಯ ಗೋಲ್ಡನ್ ಆ್ಯನಿವರ್ಸರಿ. ಊರ ಹೊರಗೆ ದಿಂಡೋರಿ ಕಡೆಯ ದ್ರಾಕ್ಷಿತೋಟಗಳ ವೈನರಿ ಹೋಟೆಲುಗಳಲ್ಲಿ ಪ್ರತಿ ಪಾತ್ರೆಯ ಮುಂದೂ ಹೆಸರಿನ ಕಾರ್ಡು ನಿಲ್ಲಿಸುತ್ತಾರೆ. ಜನ ಕಾರ್ಡು ಓದಿ ತಟ್ಟೆ ಒಡ್ಡುತ್ತಾರೆ. ನಾನೂ ಹಾಗೇ ಮಾಡಿದೆ. ಅವ್ವನ ನುಚ್ಚಿಗೆ ಮಜ್ಜಿಗೆ ಕಲಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಗಾಜಿನ ಬಟ್ಟಲುಗಳಿಗೆ ತುಂಬಿದೆ. ಮುಂದೆ ಇಂಗ್ಲಿಷಿನಲ್ಲಿ ನನ್ನ ಕರ್ಸಿವ್: ಸೋರ್ಗಮ್ ರಿಸೊಟ್ಟೊ. ಜೋಳದ ಇಂಗ್ಲಿಷ್ ಹೆಸರಿಗೆ ಇಟಲಿಯ ಅನ್ನದ ಹೆಸರು ಜೋಡಿಸಿದ್ದೆ. ಪಕ್ಕದಲ್ಲಿ ‘ಮೊಸರನ್ನ’ ಎಂದೇ ಬರೆದ ಪಾತ್ರೆಯನ್ನು ಯಾರೂ ಮುಟ್ಟಲಿಲ್ಲ.

ನೆಗೆಣ್ಣಿ ಮೂರನೆಯ ಬಟ್ಟಲು ತೆಗೆದುಕೊಂಡಳು.

“ಭಾಳ ಲೈಟ್ ಅದ ತಂಗಿ. ನಮ್ಮ ಸೊಸಿಗಿ ರೆಸಿಪಿ ಹೇಳು.”

“ರೆಸಿಪಿ ನಮ್ಮವ್ವಂದ್ರಿ, ಅಕ್ಕಾರ. ನೀವು ಆಕಳಿಗಿ ಅಂತ ಹಿತ್ತಲಾಗ ಇಡಸಿದ್ರಲ್ಲಾ, ಅದೇ ನುಚ್ಚು.”

ಚಮಚೆ ಬಾಯಿಯ ಹತ್ತಿರವೇ ನಿಂತಿತು. ರುಚಿ ಬದಲಾಗಿರಲಿಲ್ಲ, ಆದರೂ ಅವಳು ಬಟ್ಟಲನ್ನು ಮೆಲ್ಲಗೆ ದೂರ ಸರಿಸಿದಳು. ಪಕ್ಕದಲ್ಲೇ ಇದ್ದ ಅವಳ ಸೊಸೆ ಬಿಡಲಿಲ್ಲ. “ಅತ್ತಿ, ಈಗ ಯಾಕ ಬಿಟ್ರಿ? ಇಷ್ಟೊತ್ತು ಆಕಳಿಗಿಂತ ಜೋರ್ ಉಂಡ್ರಿ.” ನಕ್ಕವರ ಜೊತೆ ನಾನೂ ಸೇರಿಕೊಂಡೆ.

ಅವ್ವ ಇದ್ದಿದ್ದರೆ, ಸಾಕು ಬಿಡು, ಅನ್ನುತ್ತಿದ್ದಳು. ಅವಳಿಲ್ಲ. ಉಳಿದ ನುಚ್ಚನ್ನು ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ‘ಜೋಳದ ನುಚ್ಚು’ ಎಂದು ದೊಡ್ಡ ಅಕ್ಷರದ ಚೀಟಿ ಅಂಟಿಸಿದೆ. ಅವರು ಹೊರಟಾಗ ಎಲ್ಲರೆದುರೇ ಕಾರಿನ ಕಿಟಕಿಯಿಂದ ನೆಗೆಣ್ಣಿಯ ತೊಡೆಯ ಮೇಲಿಟ್ಟೆ. ಬೇಡವೆನ್ನಲು ಅವಳಿಗೆ ಆಗಲಿಲ್ಲ. ಡಿಕ್ಕಿ ತುಂಬಿತ್ತು. ಸಂಭಾಜಿನಗರ ಮುಟ್ಟುವವರೆಗೂ ಅವಳು ಅದನ್ನು ಹಿಡಿದುಕೊಂಡೇ ಕೂರಬೇಕಿತ್ತು.