ನಾಲ್ಕು ಗೆರೆ ಸುತ್ತುವ ಹೆಬ್ಬೆರಳು

ಕಳೆದ ಮಂಗಳವಾರದಿಂದ ನನ್ನ ಹೆಬ್ಬೆರಳಿಗೆ ಒಂದು ಚಟ ಅಂಟಿಕೊಂಡಿದೆ. ಯಾವ ಕಾಗದ ಕೈಗೆ ಬಂದರೂ ಅದರ ನಾಲ್ಕೂ ಅಂಚು ಸವರಿಕೊಂಡು ಒಂದು ಸುತ್ತು ಬರುತ್ತದೆ. ಕರೆಂಟ್ ಬಿಲ್ಲು, ಮದುವೆ ಕಾರ್ಡು, ದರ್ಶಿನಿಯ ಟೋಕನ್ನು. ಮೊನ್ನೆ ಮಗಳ ಮಾರ್ಕ್ಸ್ ಕಾರ್ಡನ್ನೂ ಹಾಗೇ ಸುತ್ತಿದೆ. "ಅಮ್ಮಾ, ಮಾರ್ಕ್ಸ್ ಮಧ್ಯದಲ್ಲಿದೆ, ಅಂಚಲ್ಲಿ ಏನ್ ಹುಡುಕ್ತಿದೀಯ?" ಎಂದಳು.

ನಗು ಬಂತು. ಅದರ ಹಿಂದೆಯೇ ಜೆಸಿಬಿ ಸದ್ದೂ ಬಂತು. ವಾರ ಕಳೆದರೂ ಆ ಸದ್ದು ಕಿವಿ ಬಿಟ್ಟು ಹೋಗಿಲ್ಲ.

ನಿಮಗೆ ಗೊತ್ತೇ ಇದೆ, ಈ ಅಂಕಣ ಬರೆಯದ ದಿನಗಳಲ್ಲಿ ನಾನು ಮಹದೇವಪುರದ ಒಂದು ಸಣ್ಣ ಆಫೀಸಿನಲ್ಲಿ ಕಟ್ಟಡಗಳ ಡ್ರಾಯಿಂಗ್ ಮಾಡುವವಳು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಪಿಡಿಎಫ್ ಮಾಡಿ ಸೈಟಿಗೆ ಕಳಿಸಬೇಕು. ಅದರಲ್ಲೇನಿದೆ ಅಂತೀರಾ? ಮಾರ್ಜಿನ್ ಇದೆ. ಹಾಳೆಯ ಅಂಚಿನಲ್ಲಿ ಸಾಫ್ಟ್‌ವೇರ್ ಒಂದಿಷ್ಟು ಜಾಗ ಬಿಟ್ಟುಕೊಳ್ಳುತ್ತದೆ, ಅಲ್ಲಿ ಏನೂ ಮೂಡುವುದಿಲ್ಲ. 'ಫಿಟ್ ಟು ಪೇಪರ್' ಒತ್ತಿದರೆ ಡ್ರಾಯಿಂಗ್ ಚೂರು ಕುಗ್ಗಿ ಒಳಗೆ ಕೂರುತ್ತದೆ, ಆದರೆ ಸೈಟಿನಲ್ಲಿ ಸ್ಕೇಲ್ ಇಟ್ಟವರಿಗೆ ಅಳತೆ ತಪ್ಪುತ್ತದೆ. ಕುಗ್ಗಿಸದೆ ಸರಿ ಅಳತೆಗೇ ತೆಗೆಯುವುದಾದರೆ ಮಾರ್ಜಿನ್ ಸೊನ್ನೆ ಮಾಡಬೇಕು. ಮಾಡದಿದ್ದರೆ ಅಂಚು ಕಟ್.

ಅಳತೆ ತಪ್ಪಿದೆ ಎಂದು ಅದಕ್ಕೂ ಹಿಂದಿನ ವಾರವಷ್ಟೇ ಬೈಸಿಕೊಂಡಿದ್ದೆ. ಹಾಗಾಗಿ ಸೋಮವಾರ ಸಂಜೆ ಬಲು ಎಚ್ಚರಿಕೆಯಿಂದ ಸರಿ ಅಳತೆಗೆ ಟಿಕ್ ಹಾಕಿದೆ. ಮಾರ್ಜಿನ್ ಮರೆತೆ. ಎಡಗಡೆಯ ಮಾರ್ಜಿನ್ ಇಡೀ ಡ್ರಾಯಿಂಗನ್ನು ಬಲಕ್ಕೆ ತಳ್ಳಿತು. ಬಲಗಡೆ ಎರಡು ಬೆರಳಗಲದ ಪಟ್ಟಿ ಮಾಯ. (ಹತ್ತೊಂಬತ್ತು ವರ್ಷದ ಅನುಭವ ಎಂದು ಎಲ್ಲರ ಮುಂದೆ ಹೇಳಿಕೊಳ್ಳುವವಳು ನಾನೇ.)

ಮಂಗಳವಾರ ಬೆಳಿಗ್ಗೆ ಹೂಡಿಯಲ್ಲಿ ಕೆಲಸ. ಹಳೆಯ ಫ್ಯಾಕ್ಟರಿ ಶೆಡ್ಡಿನ ಹಿಂದಿನಿಂದ ಕಾಂಪೌಂಡ್ ಗೋಡೆಯವರೆಗೆ ಮಳೆನೀರಿನ ಮೋರಿ ತೋಡಬೇಕಿತ್ತು. ನಾನೇ ಫೋನಿನಲ್ಲಿ ಪಿಡಿಎಫ್ ತೋರಿಸಿದೆ, ಹುಡುಗರು ಸುಣ್ಣದ ಗೆರೆ ಎಳೆದರು, ಜೆಸಿಬಿಯ ಮಂಜ ಶೆಡ್ಡಿನ ಕಡೆಯಿಂದ ತೋಡುತ್ತಾ ಬಂದ. ಹೂಡಿಯವನೇ, ಮಾತಿನಮಲ್ಲ. ಜೆಸಿಬಿಯ ಕೈ ಮೇಲೆ ಮಗಳ ಹೆಸರು ಬರೆಸಿದ್ದಾನೆ: ಖುಷಿ.

ಅಷ್ಟರಲ್ಲಿ ಜೆರಾಕ್ಸ್ ಅಂಗಡಿಯಿಂದ ದೊಡ್ಡ ಪ್ರಿಂಟು ಬಂತು. ಅದನ್ನು ಮೇಸ್ತ್ರಿ ಯಮನಪ್ಪ ಟೆಂಪೋ ಬಾನೆಟ್ ಮೇಲೆ ಹಾಸಿದರು. ಬಾಗಲಕೋಟೆ ಕಡೆಯವರು, ಎಂಟು ವರ್ಷದಿಂದ ನಮ್ಮ ಸೈಟುಗಳಲ್ಲಿದ್ದಾರೆ. ಹಾಳೆ ಹಾಸಿದ ಕೂಡಲೇ ಅವರು ಮೊದಲು ಮಾಡುವ ಕೆಲಸ ಒಂದೇ: ಡ್ರಾಯಿಂಗಿನ ಸುತ್ತ ಎಳೆದ ಬಾರ್ಡರ್ ಗೆರೆಯ ಮೇಲೆ ಹೆಬ್ಬೆರಳಿಟ್ಟು ನಾಲ್ಕೂ ಕಡೆ ಸುತ್ತುವುದು. ಆಮೇಲೇ ಒಳಗಿನದು. ನಮ್ಮ ಆಫೀಸಿನಲ್ಲಿ ಇದಕ್ಕೆ 'ಯಮನಪ್ಪನ ಪ್ರದಕ್ಷಿಣೆ' ಎಂದೇ ಹೆಸರು.

"ಯೋವ್ ಮೇಸ್ತ್ರಿ, ಪ್ರದಕ್ಷಿಣೆ ಆಯ್ತಾ? ಮಂಗಳಾರತಿ ಯಾವಾಗ?" ಮಂಜ ಕ್ಯಾಬಿನ್ನಿನಿಂದಲೇ ಕೂಗಿದ. ನಾನೂ ನಕ್ಕೆ.

ಹೆಬ್ಬೆರಳು ಮೂರನೇ ಮೂಲೆಯಲ್ಲಿ ನಿಂತಿತು.

"ಅಕ್ಕಾರ, ಈ ಹಾಳಿಗೆ ಬಲಕ್ಕ ಗೆರೀನ ಇಲ್ಲಲ್ರಿ."

"ಮಾರ್ಜಿನ್ ಯಮನಪ್ಪಣ್ಣ, ಅಂಚು ಕಟ್ ಆಗಿದೆ ಅಷ್ಟೇ. ಒಳಗೆಲ್ಲ ಸರಿ ಇದೆ."

"ಕಟ್ ಆಗೇತಿ ಖರೆ. ಅದರಾಗ ಏನಿತ್ತು ಅಂತ ನಿಮಗ ಗೊತ್ತೈತ್ರೇನ್?"

ನೆನಪಿರಲಿಲ್ಲ. ನನ್ನ ಉತ್ತರಕ್ಕೆ ಅವರು ಕಾಯಲೂ ಇಲ್ಲ. ಜೆಸಿಬಿ ಕಡೆ ಓಡಿದರು, ಎರಡೂ ಕೈ ಮೇಲೆತ್ತಿಕೊಂಡು. "ಏ ತಮ್ಮಾ, ತಡಿ! ಬಂದ್ ಮಾಡು! ಬಂದ್ ಮಾಡಂದ್ನೆಲ್ಲ!"

ಬಕೆಟ್ಟಿನ ಹಲ್ಲು ಆಗಲೇ ಮೇಲಕ್ಕೆದ್ದಿತ್ತು. ಇನ್ನೊಂದು ಸಲ ಇಳಿದಿದ್ದರೆ ಗೋಡೆಯ ಬುಡ. ಮಂಜ ಗೊಣಗುತ್ತಾ ಎಂಜಿನ್ ಆಫ್ ಮಾಡಿದ. "ಏನ್ ಗುರು, ಒಂದು ಗೆರೆಗೆ ಹಿಂಗ್ ಆಡ್ತೀಯ!"

ನಾನು ವಾಚ್‌ಮನ್ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಮೂಲ ಡ್ರಾಯಿಂಗಿನ ಬಲಕ್ಕೆ ಸರಿದೆ. ಮೋರಿ ಗೋಡೆ ಮುಟ್ಟುವ ಮುಂಚೆ ಒಂದು ಕೆಂಪು ಗೆರೆ ಅದನ್ನು ದಾಟಿ ಹೋಗಿತ್ತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ನನ್ನದೇ ಬರಹ: 'ಹೈ ಟೆನ್ಷನ್ ಕೇಬಲ್. ಯಂತ್ರ ಬೇಡ, ಕೈಯಲ್ಲೇ ಅಗೆಯಿರಿ.'

ಹಾಳೆಯ ಮೇಲೆ ಎರಡು ಬೆರಳಗಲ. ನೆಲದ ಮೇಲೆ ಮಂಜನ ಬಕೆಟ್ ಇಳಿಯಬೇಕಿದ್ದ ಜಾಗ.

"ಮಂಜಾ, ಇಳಿ" ಎಂದೆ. ಯಮನಪ್ಪ ನನ್ನ ಮುಖ ನೋಡಿ, ತಾವೇ ಅವನ ತೋಳು ಹಿಡಿದು ಇಳಿಸಿದರು.

ಗೋಡೆಯಾಚೆಯ ಫ್ಯಾಕ್ಟರಿಯವರು ಬಂದು ಲೈನ್ ಆಫ್ ಮಾಡಿಸಿದ ಮೇಲೆ ಇಬ್ಬರು ನಿಧಾನವಾಗಿ ಕೈಯಲ್ಲಿ ಅಗೆದರು. ಮೊದಲು ಸಾಲಾಗಿ ಇಟ್ಟಿಗೆ. ಇಟ್ಟಿಗೆಯ ಕೆಳಗೆ ಮರಳು. ಮರಳಿನೊಳಗೆ ತೋಳಿನಷ್ಟು ದಪ್ಪದ ಕೇಬಲ್. ಮಂಜ ಅದನ್ನು ನೋಡಿದ. ತನ್ನ ಬಕೆಟ್ಟನ್ನು ನೋಡಿದ.

"ತಪ್ಪು ನಂದು ಮಂಜಾ" ಎಂದೆ. ಅವನು ವಾಚ್‌ಮನ್ ಕುರ್ಚಿಯನ್ನು ನನ್ನ ಕಡೆ ಎಳೆದು, "ಮೇಡಂ, ಮೊದ್ಲು ಟೀ ಕುಡೀರಿ, ನೀವು ಬಿದ್ದೋಗ್ತೀರ" ಎಂದ. ಸಾಯಬೇಕಿದ್ದವನು ನನಗೆ ಟೀ ತರಿಸುತ್ತಿದ್ದ!

ಆಗಲೇ ನಾನು ಕೇಳಿದ್ದು. "ಯಮನಪ್ಪಣ್ಣ, ಈ ಸುತ್ತು ಯಾಕೆ?"

"ಹಿಂದ ಒಂದ್ ಸೈಟಿನ್ಯಾಗ ಹಿಂಗ ಆಗಿತ್ರಿ. ಒಂದ್ ಸಾಲು ಕಂಬಾನ ಹಾಳ್ಯಾಗ ಇರಲಿಲ್ಲ. ಇಂಗ್ಲಿಷ್ ಓದಾಕ ನನಗ ಬರೂದಿಲ್ಲ ಅಕ್ಕಾರ. ನಾಕ್ ಗೆರಿ ಎಣಿಸಾಕ ಬರತೈತಲ್ರಿ."

(ಹೆಸರು ಯಮನಪ್ಪ, ಮಾಡಿದ ಕೆಲಸ ಪೂರ್ತಿ ಉಲ್ಟಾ.)

ಮನೆಯ ಗ್ರೂಪ್ ಫೋಟೋಗೆ ಫ್ರೇಮ್ ಹಾಕಿಸುವಾಗ ಅಂಚಿಗೆ ನಿಂತ ಚಿಕ್ಕಮ್ಮನ ಅರ್ಧ ಮುಖ ಹೋಗಿರುತ್ತದೆ. "ಪರವಾಗಿಲ್ಲ, ಮಧ್ಯದವರು ಚೆನ್ನಾಗಿ ಬಂದಿದ್ದಾರೆ" ಎನ್ನುತ್ತೇವೆ. ಚಿಕ್ಕಮ್ಮನನ್ನು ಯಾರು ಕೇಳುತ್ತಾರೆ?

ಬುಧವಾರ ಮಾರ್ಜಿನ್ ಸೊನ್ನೆ ಮಾಡಿದ ಹೊಸ ಪ್ರಿಂಟು ಒಯ್ದೆ. ಯಮನಪ್ಪ ಹಾಳೆ ಹಾಸಿದರು. ಮಂಜ ಎಂಜಿನ್ ಶುರು ಮಾಡದೆ ಪಕ್ಕದಲ್ಲೇ ನಿಂತ. "ಮೇಸ್ತ್ರಿ, ಸುತ್ತು ಹಾಕಿ ಮೊದ್ಲು" ಎಂದ, ಈ ಸಲ ನಗದೆ. ಹೆಬ್ಬೆರಳು ನಾಲ್ಕನೇ ಮೂಲೆಗೆ ಬಂದು ಹೊರಟಲ್ಲಿಗೇ ಸೇರಿತು. "ಈಗ ಪೂರಾ ಐತಿ ನೋಡ್ರಿ."

ಎಂಟು ವರ್ಷ ಆ ಹೆಬ್ಬೆರಳನ್ನು ನೋಡಿ ನಕ್ಕವಳು, ಯಾಕೆ ಸುತ್ತುತ್ತೀರಿ ಎಂದು ಒಂದೇ ಒಂದು ದಿನ ಕೇಳಲು ನನಗೇನಾಗಿತ್ತು?