ಎಡಗಂಕುಳ ಚಪ್ಪಲಿ

ಕುಡುಕನ ಪಾತ್ರಕ್ಕೆ ಮೊದಲು ನಿಜವಾದ ಕುಡುಕರನ್ನೇ ಕರೆಸಿದ್ದರು. ಬಂಗಾರಪೇಟೆಯ ಹೆಂಡದಂಗಡಿಯಿಂದ ಒಬ್ಬೊಬ್ಬನನ್ನೇ ಕರೆತಂದು ಕ್ಯಾಮೆರಾದ ಮುಂದೆ ನಿಲ್ಲಿಸಿದರೆ, ಅಷ್ಟು ಹೊತ್ತು ತೂರಾಡುತ್ತಿದ್ದವನು ತಟ್ಟನೆ ನೆಟ್ಟಗಾಗಿ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಕ್ಯಾಮೆರಾಕ್ಕೆ ಸಲಾಮು ಹೊಡೆಯುತ್ತಿದ್ದ.

"ಹೇಗೆ ಬಂದೆಯೋ ಹಾಗೇ ನಡಿಯಪ್ಪ," ಎಂದು ಕ್ಯಾಮೆರಾದವರು ಬೇಡಿಕೊಂಡರು.

"ದೊಡ್ಡೋರ ಮುಂದೆ ಅಂಗೆಲ್ಲಾ ನಡ್ಯಾಕಾಯ್ತದಾ ಸೋಮಿ? ಮರ್ವಾದೆ ಇಲ್ವಾ ನಂಗೆ?"

ಕುಡಿತದ ಕೇಡನ್ನು ಜನಕ್ಕೆ ತೋರಿಸುವ ಸಿನಿಮಾ ತೆಗೆಯಲು ಅವರು ಬೆಂಗಳೂರಿನಿಂದ ಮೋಟಾರಿನಲ್ಲಿ ಬಂದಿದ್ದರು. ನಾನಾಗ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದೆ. ಮೀಸೆ ಬಂದ ಮೇಲೆ ಅಕ್ಷರ ಕಲಿತವನು ನಾನು. ಸಂಜೆ ಶಾಲೆಯ ಮೇಷ್ಟ್ರು ಹೇಳಿದರೆಂದು, ಬಿಸಿಲನ್ನು ಮುಖಕ್ಕೆ ತಿರುಗಿಸುವ ತಗಡು ಹಿಡಿಯಲು ಹೋಗಿದ್ದೆ. ಮೂರನೆಯ ಕುಡುಕನೂ ಸಲಾಮು ಹೊಡೆದು ಹೋದಾಗ ಕ್ಯಾಮೆರಾದವರ ಕಣ್ಣು ನನ್ನ ಮೇಲೆ ಬಿತ್ತು. "ನೀನೇ ಸ್ವಲ್ಪ ನಡೆದು ತೋರಿಸು."

ತಗಡನ್ನು ಮೇಷ್ಟ್ರ ಕೈಗೆ ಕೊಟ್ಟೆ. ಚಪ್ಪಲಿ ಬಿಚ್ಚಿ ಎಡಗಂಕುಳಲ್ಲಿ ಸಿಕ್ಕಿಸಿಕೊಂಡೆ. ಬಲಗೈಯನ್ನು ಗೋಡೆಗೆ ಸವರುತ್ತ, ಕಾಲ್ಬೆರಳ ತುದಿಯ ಮೇಲೆ ನಡೆದು, ಹೊಸಿಲ ಹತ್ತಿರ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದೆ. ಕ್ಯಾಮೆರಾದವರು ಬಿದ್ದು ಬಿದ್ದು ನಕ್ಕರು. "ಆ ಚಪ್ಪಲಿ! ಎಲ್ಲಿಂದ ಹುಟ್ಟಿತಯ್ಯಾ ಅದು ನಿನಗೆ?"

ಹುಟ್ಟಿದ್ದಲ್ಲ. ಕುಡುಕನಂತೆ ನಡಿ ಎಂದಾಗ ನನಗೆ ಬೇರೆ ನಡಿಗೆ ಗೊತ್ತಿರಲಿಲ್ಲ, ಅಷ್ಟೆ.

ನಮ್ಮಪ್ಪ ಉರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಕ್ಕಿದ್ದ. ನಮ್ಮದು ಗಣಿ ಕೂಲಿಗಳ ಲೈನಿನಲ್ಲಿ ಬಿದಿರು ತಟ್ಟಿಯ ಮನೆ, ಒಂದೇ ಕೋಣೆ. ಕುಡಿದ ದಿನ ಅವನು ಹೀಗೆಯೇ ಬರುತ್ತಿದ್ದ. ನಾನು ಕಂಬಳಿಯ ತೂತಿನಿಂದ ನೋಡುತ್ತಿದ್ದೆ. ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡವನು ಒಳಗೆ ಬಂದ ಮೇಲೆ ಪಾತ್ರೆ ಎಸೆಯುತ್ತಿದ್ದ, ಅಮ್ಮನ ಮೇಲೆ ಕೈ ಮಾಡುತ್ತಿದ್ದ. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಬೆಳಿಗ್ಗೆ ಪಾತ್ರೆಯ ತಗ್ಗು ನೋಡಿ ನಾನು ಏನೆಂದು ಕೇಳಿದರೆ, "ಇಲಿ ಬೀಳಿಸ್ತು ಕಣ್ಲಾ" ಎನ್ನುತ್ತಿದ್ದಳು. ಒಂದು ದಿನ ಅಪ್ಪ ಲೈನಿನ ಪಕ್ಕದ ಮೋರಿಯಲ್ಲಿ ಬಿದ್ದು ಪ್ರಾಣ ಬಿಟ್ಟ. ಆಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಬಂಗಾರಪೇಟೆಗೆ ಬಂದಳು. ಇಲ್ಲಿ ಯಾರು ಕೇಳಿದರೂ ಒಂದೇ ಮಾತು: ಗಣಿಯೊಳಗೆ ಬಂಡೆ ಬಿತ್ತು, ಬಾಯಿಗೆ ಒಂದು ಹನಿ ಮುಟ್ಟಿಸಿದವನಲ್ಲ. ನನಗೂ ಅದನ್ನೇ ಹೇಳಿ ಬೆಳೆಸಿದಳು. ನಾನು ನಿದ್ದೆಯಲ್ಲಿದ್ದೆ ಎಂದು ಅವಳ ನಂಬಿಕೆ. ಆ ನಂಬಿಕೆಯೊಂದೇ ಅವಳು ಉರಿಗಾಂನಿಂದ ಹೊತ್ತು ತಂದ ಆಸ್ತಿ. ಅದಕ್ಕೆ ಏಟು ಬೀಳದಂತೆ ಅಷ್ಟು ವರ್ಷ ಸುಮ್ಮನಿದ್ದವನು, ಒಂದು ಮಧ್ಯಾಹ್ನ ಕ್ಯಾಮೆರಾದ ಮುಂದೆ ಎಲ್ಲವನ್ನೂ ನಡೆದು ತೋರಿಸಿಬಿಟ್ಟಿದ್ದೆ.

ಸಿನಿಮಾ ತಯಾರಾಗಿ ಬರುವವರೆಗೆ ನನಗೆ ಒಂದು ಕಡೆ ಕೂರಲಾಗಲಿಲ್ಲ. ಮಂಡಿಯಲ್ಲಿ ಗೋಣಿಯ ಬದಲು ಬೆರಳಿಗೆ ದಬ್ಬಳ ಚುಚ್ಚಿಕೊಂಡೆ. ಬೀದಿಯಲ್ಲಿ ಮೋಟಾರಿನ ಸದ್ದಾದರೆ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಅಮ್ಮನೋ, ಇಡೀ ಕೇರಿಗೆ ಹೇಳಿಕೊಂಡು ಬಂದಿದ್ದಳು: "ನನ್ನ ಮಗ ಬಯಾಸ್ಕೋಪಿನಾಗೆ ಬತ್ತಾನೆ!"

"ಕುಡುಕನ ವೇಷ ಕಣಮ್ಮಾ, ನೋಡೋ ಅಂಥದ್ದಲ್ಲ."

"ಕುಡುಕನಾದ್ರೇನು, ಕತ್ತೆಯಾದ್ರೇನು. ನಾನು ಓಗ್ತೀನಿ."

ಸಂತೆ ಮೈದಾನದಲ್ಲಿ ಎರಡು ಬಿದಿರ ಗಳು ನೆಟ್ಟು ಪರದೆ ಕಟ್ಟಿದೆವು. ಗಂಡಸರು ಮುಂದೆ, ಹೆಂಗಸರು ಪರದೆಯ ಹಿಂದೆ. ಆಗ ಹಾಗೆಯೇ ಕೂರಿಸುತ್ತಿದ್ದರು. ಹಿಂದಿನವರಿಗೂ ಕಾಣಲಿ ಎಂದು ಬಟ್ಟೆಗೆ ನೀರು ಚಿಮುಕಿಸಿದೆ. ಮಾತಿಲ್ಲದ ಸಿನಿಮಾ, ಮೇಷ್ಟ್ರು ತಗಡಿನ ತುತ್ತೂರಿ ಹಿಡಿದು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ವಿವರಿಸುತ್ತಿದ್ದರು. ನಾನು ಮೋಟಾರಿನ ಹತ್ತಿರ ನಿಂತೆ, ಹುಣಸೆಮರದ ಹತ್ತಿರ ನಿಂತೆ, ಮತ್ತೆ ಮೋಟಾರಿನ ಹತ್ತಿರ ಬಂದೆ. ಪರದೆಯ ಮೇಲೆ ನನ್ನ ಕಂಕುಳಿಗೆ ಚಪ್ಪಲಿ ಹೋದದ್ದೇ ತಡ, ಮೈದಾನವೆಲ್ಲ ಹೋ ಎಂದು ನಕ್ಕಿತು.

"ಮಕ್ಳ ತರ ಎತ್ಕೊಂಡವ್ನೆ ನೋಡ್ಲಾ ಚಪ್ಲೀನ!"

ಕುಡಿದರೆ ಕರುಳು ಸುಡುತ್ತದೆ, ಮನೆ ಹಾಳಾಗುತ್ತದೆ ಎಂದು ಮೇಷ್ಟ್ರು ಕೂಗುತ್ತಲೇ ಇದ್ದರು. ಅದು ನಗುವಿನಲ್ಲಿ ಮುಳುಗಿಹೋಯಿತು. ಪರದೆಯ ಆಚೆಯ ಒಬ್ಬಳ ನಗು ಕೇಳುತ್ತದೆಯೇ ಎಂದು ಕಿವಿಗೊಟ್ಟು ನಿಂತಿದ್ದೆ. ಅಷ್ಟು ಜನರ ನಗುವಿನಲ್ಲಿ ಅದೆಲ್ಲಿ ಗೊತ್ತಾಗಬೇಕು?

ಮನೆಗೆ ಹೋಗುವಾಗ ಅಮ್ಮ ನನಗಿಂತ ಮುಂದೆ ನಡೆದಳು. ಅರ್ಧ ದಾರಿಯಲ್ಲಿ ಮುಖ ನೋಡದೆ ಕೇಳಿದಳು, "ಆ ಚಪ್ಲಿ ಇಡ್ಕೊಳ್ಳೋದು ಎಲ್ಲಿ ನೋಡ್ದೆ?"

"ಯಾವನೋ ಕುಡುಕ, ಸ್ಟೇಷನ್ ಅತ್ರ."

"ಅವ್ನೂ ಬಲಗಡೇಗೇ ಇಡ್ಕೊಂಡಿದ್ನಾ?"

ಬಲಗಡೆಯೇ? ನಾನು ಇಟ್ಟುಕೊಂಡದ್ದು ಎಡಗಡೆಗೆ. ತಿದ್ದಲು ಹೊರಟವನಿಗೆ ತಟ್ಟನೆ ಹೊಳೆಯಿತು: ಅವಳು ಕೂತದ್ದು ಪರದೆಯ ಹಿಂದೆ. ಅಲ್ಲಿಂದ ನೋಡಿದರೆ ಎಡ ಬಲವಾಗುತ್ತದೆ, ಅಕ್ಷರಗಳೂ ತಿರುಗುಮುರುಗು ಕಾಣುತ್ತವೆ. ಓದು ಬಾರದವಳಿಗೆ ಅದು ತಿಳಿಯುವುದು ಹೇಗೆ?

"ಹೂಂ, ಬಲಗಡೇಗೇ," ಎಂದೆ.

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಸರಿ ಬುಡು. ಚೆನ್ನಾಗಿ ಮಾಡಿದ್ದೀಯ. ಮುಖ ಮಾತ್ರ ಬಡಕಲು ಕಾಣಿಸ್ತದೆ, ಉಣ್ಣಾಕೆ ಇಕ್ಕಲ್ವಾ ಇವ್ಳು ಅಂತಾರೆ ನನ್ನ." ಬಲಗಂಕುಳಾದರೆ ಅದು ಯಾವನೋ ಕುಡುಕನ ಚಾಳಿ, ಅವಳ ಗಂಡನದಲ್ಲ. ಮಗನಿಗೆ ಏನೂ ಗೊತ್ತಿಲ್ಲ. ಅವತ್ತು ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮುಂದಿನ ಪ್ರದರ್ಶನ ಉರಿಗಾಂನಲ್ಲಿ ಎಂದು ಗೊತ್ತಾಯಿತು. ಅಲ್ಲಿನ ಹಳೆಯ ನೆರೆಯವಳು, ತಮಿಳಿನ ಹೆಂಗಸು, ಸಂತೆಗೆ ಬಂದವಳು ನಮ್ಮ ಮನೆಗೇ ಬಂದು ಕೂತಳು. "ಎನ್ನಕ್ಕಾ, ಮಗ ಸಿನಿಮಾದಲ್ಲಿ ಬಂದ ಮೇಲೆ ನಮ್ಮನ್ನ ಮರ್ತೇಬಿಟ್ಯಾ? ಬಾ ನಮ್ಮನೇಗೆ. ರಾತ್ರಿ ಇದ್ದು ಬೆಳಿಗ್ಗೆ ರೈಲಿಗೆ ಹೋಗುವಂತೆ."

"ಅಲ್ಲಿ ಧೂಳಮ್ಮಾ, ಕೆಮ್ಮು ಜಾಸ್ತಿಯಾಗ್ತದೆ ನಿಂಗೆ," ಎಂದೆ.

"ಯಾವ ಕೆಮ್ಲಾ? ನಾನ್ಯಾವಾಗ ಕೆಮ್ದೆ?"

ಮೇಷ್ಟ್ರ ಹತ್ತಿರ ಓಡಿದೆ. ಅಲ್ಲಿಯೂ ಗಳು ನೆಟ್ಟು ಪರದೆ ಕಟ್ಟೋಣ, ಹೆಂಗಸರು ಹಿಂದೆ ಕೂರಲಿ ಎಂದೆ. ಅವರು ತಲೆಯಾಡಿಸಿದರು. "ಆ ಗಣಿ ಪುಡಿಮಣ್ಣಿನ ದಿಬ್ಬದ ಗಾಳಿಗೆ ಗಳು ನಿಲ್ಲೋದಿಲ್ಲಪ್ಪ. ಗಣಿ ಶೆಡ್ಡಿನ ಗೋಡೆಗೇ ಬಟ್ಟೆ ಹೊಡೀತೀವಿ. ಎಲ್ರೂ ಮುಂದೇನೇ ಕೂರ್ತಾರೆ, ಮಧ್ಯೆ ಒಂದು ಹಗ್ಗ."

ಆ ಹಗ್ಗವನ್ನು ನಾನೇ ಕಟ್ಟಿದೆ. ಗಂಟು ಹಾಕಿ ಬಿಚ್ಚಿ ಮತ್ತೆ ಹಾಕಿದೆ. ಅಮ್ಮ ಹಳೆಯ ಲೈನಿನ ಹೆಂಗಸರ ನಡುವೆ, ಮೊದಲನೆಯ ಸಾಲಿನಲ್ಲಿ, ಒಗೆದ ಸೀರೆಯುಟ್ಟು ಕೂತಿದ್ದಳು. ಕತ್ತಲಾದದ್ದೇ ತಡ ಸಿನಿಮಾ ಶುರುವಾಯಿತು. ಕುಡುಕ ಸಂಬಳ ಎಣಿಸಿದ, ಅಂಗಡಿಗೆ ಹೋದ, ಹೊರಗೆ ಬಂದ. ಬಗ್ಗಿ ಚಪ್ಪಲಿ ಬಿಚ್ಚಿದ.

ಎಡಗಂಕುಳಿಗೆ ಇಟ್ಟ.

ಇಲ್ಲಿ ಯಾರೂ ನಗಲಿಲ್ಲ. ಗಂಡಸರ ಕಡೆ ಒಬ್ಬ ಶುರುಮಾಡಿದವನೂ ಅರ್ಧಕ್ಕೇ ನಿಲ್ಲಿಸಿದ. ಹೆಂಗಸರು ಅಲುಗಾಡದೆ ನೋಡುತ್ತಿದ್ದರು. ಇಂಥ ನಡಿಗೆ ಅವರಲ್ಲಿ ಪ್ರತಿಯೊಬ್ಬರ ಬಾಗಿಲಿಗೂ ಬರುತ್ತಿತ್ತೋ ಏನೋ. ಅವತ್ತು ಮೊದಲ ಸಲ ಮೇಷ್ಟ್ರು ಕೂಗದೆ ಮಾತಾಡಿದರು, ಎಲ್ಲರಿಗೂ ಕೇಳಿಸಿತು. ಅಮ್ಮನ ಕೈ ಮೇಲೆದ್ದು ಬಾಯಿಯ ಹತ್ತಿರ ಹೋಯಿತು, ಸೆರಗಿನ ಸಮೇತ. ನೆರೆಯವಳು ಅವಳ ಕಡೆ ತಿರುಗಿ, "ಅಕ್ಕಾ, ಇದು ನಿಮ್ಮೋರು ಬರೋ ತರಾನೇ..." ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

"ಹೂಂ," ಎಂದಳು ಅಮ್ಮ. "ಅವ್ನೇ."

ಕೊನೆಯಲ್ಲಿ ಕುಡುಕ ಕುಡಿತ ಬಿಟ್ಟು, ತಲೆ ಬಾಚಿಕೊಂಡು, ಹೂವು ತರುವ ಭಾಗವೂ ಇತ್ತು. ಅದನ್ನೂ ಅವಳು ನೋಡಿದಳು. ಆಮೇಲೆ ನೆರೆಯವಳ ಜೊತೆ ಹೋದಳು. ನನ್ನನ್ನು ಕರೆಯಲಿಲ್ಲ.

ಬೆಳಿಗ್ಗೆ ರೈಲಿನಲ್ಲಿ ಎದುರುಬದುರು ಕೂತೆವು. ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಅವಳು ಅದರ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ನೀನು ನಿದ್ದೆ ಮಾಡ್ತಿರ್ಲಿಲ್ವಾ?"

"ಇಲ್ಲಮ್ಮಾ."

"ಒಂದ್ಸಲಾನೂ?"

"ಇಲ್ಲ."

ಅವಳು ಕಿಟಕಿಯ ಆಚೆಗೆ ಮುಖ ಮಾಡಿದಳು. ಆ ಕಡೆಯೇ ನೋಡುತ್ತ ಕೇಳಿದಳು, "ಚಪ್ಲಿ ತೆಗ್ದು ಯಾಕೆ ಇಡ್ಕೊಂಡು ಬತ್ತಿದ್ದ, ಗೊತ್ತಾ?"

"ಅಮಲಿಗೆ."

"ಅಮಲು ಯಾವಾಗ್ಲೂ ಇತ್ತು. ಚಪ್ಲಿಗೆ ಲಾಡ ಒಡ್ಸಿದ್ದ, ಟಕಟಕ ಅಂತಿತ್ತು. ಸದ್ದಾದ್ರೆ ನೀನು ಎದ್ದುಬಿಡ್ತೀಯ ಅಂತ ತೆಗೀತಿದ್ದ."

"ಪಾತ್ರೆ ಎಸೀತಿದ್ನಲ್ಲಮ್ಮಾ! ಅದಕ್ಕೆ ನಾನು ಏಳಲ್ವಾ?"

"ಅದು ಆಮೇಲೆ ಕಣ್ಲಾ. ಬಾಗ್ಲು ತಂಕ ಅವ್ನಿಗೆ ನೀನೇ ನೆಪ್ಪು. ಒಳಗೆ ಬಂದ್ಮೇಲೆ ಅವ್ನೇ ಬೇರೆ."

ಬಂಗಾರಪೇಟೆಯ ಮೈದಾನ ಹೋ ಎಂದು ನಕ್ಕದ್ದು ಅದಕ್ಕೆ. ಕ್ಯಾಮೆರಾದವರು ಬಿದ್ದು ಬಿದ್ದು ನಕ್ಕದ್ದೂ ಅದಕ್ಕೇ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ, ಮತ್ತೆ ಬಂದು ಕೂತೆ. ಅಪ್ಪನ ಒಂದು ಪಟವೂ ನಮ್ಮ ಮನೆಯಲ್ಲಿ ಇರಲಿಲ್ಲ. ಲೈನಿನಲ್ಲಿ ಯಾರು ಪಟ ತೆಗೆಸುತ್ತಿದ್ದರು?

ರೈಲು ಮುಂದಿನ ಸ್ಟೇಷನ್ನಾದ ಕೋರಮಂಡಲ್‌ನಲ್ಲಿ ನಿಂತಿತು. ಅಮ್ಮ ಪ್ಲಾಟ್‌ಫಾರಂ ನೋಡುತ್ತ, ತರಕಾರಿಯ ಬೆಲೆ ಕೇಳುವವಳ ಹಾಗೆ ಕೇಳಿದಳು, "ಇನ್ನೆಲ್ಲಿ ತೋರಿಸ್ತಾರೆ ಅದ್ನ?"

"ಇಲ್ಲೇ, ಮುಂದಿನ ವಾರ."

"ಬತ್ತೀನಿ," ಎಂದಳು. "ಪರದೆ ಇಂದ್ಗಡೆ ಕೂರಿಸ್ಬೇಡ ಮತ್ತೆ."