ಚರ್ಮಕ್ಕೆ ಬೆಂಕಿ ತಗಲುವುದಿಲ್ಲವಂತೆ

ಬಾಗಲಗುಂಟೆಯ ನನ್ನ ತವರುಮನೆಯ ನಡುಮನೆಯಲ್ಲಿ ಆ ಭಾನುವಾರ ನಾವು ಐದು ಜನ ಇದ್ದೆವು. ಕುರ್ಚಿಯಲ್ಲಿ ಚಿಕ್ಕಪ್ಪ, ಅಡುಗೆಮನೆಯ ಬಾಗಿಲಿಗೆ ಒರಗಿ ಚಿಕ್ಕಮ್ಮ, ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ ಅಮ್ಮ, ಕುಂದಲಹಳ್ಳಿಯ ಗಂಡನ ಮನೆಯಿಂದ ಊಟಕ್ಕೆಂದು ಬಂದ ನಾನು, ಮತ್ತು ನನ್ನ ತಂಗಿ. ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ತಂಗಿ ಇದೇ ಮನೆಗೆ ವಾಪಸು ಬಂದಿದ್ದಳು. ಬರುವಾಗ ತಂದದ್ದು ಬಟ್ಟೆಯ ಪೆಟ್ಟಿಗೆ, ಅವನ ಬೈಕು, ಅವನ ಕಪ್ಪು ಚರ್ಮದ ಜಾಕೆಟ್ಟು. ಪೀಣ್ಯದ ಕಾರ್ಖಾನೆಯಲ್ಲಿ ಅವಳಿಗೆ ಬೆಳಗಿನ ಪಾಳಿ. ಚಳಿಗೆ ಆ ಜಾಕೆಟ್ಟನ್ನೇ ತೋಳು ಮಡಚಿ ಹಾಕಿಕೊಂಡು ಬೈಕಿನಲ್ಲಿ ಹೋಗುತ್ತಿದ್ದಳು.

ಹೊಲವಿದ್ದ ಜಾಗದಲ್ಲಿ ಮನೆ ಎಬ್ಬಿಸಿ ಬಾಡಿಗೆಗೆ ಕೊಟ್ಟ ಮೇಲೆ ಚಿಕ್ಕಪ್ಪನಿಗೆ ಉಳಿದಿದ್ದ ಕೆಲಸವೆಂದರೆ ಗೇಟಿನ ಬಳಿ ಕೂರುವುದು, ಕೂತು ಲೋಕದ ಸಕಲ ವಸ್ತುಗಳ ಬಗ್ಗೆ ತೀರ್ಪು ಕೊಡುವುದು. ಚರ್ಮ ಹಾಕಿದರೆ ಮೈ ಬೆಂದುಹೋಗುತ್ತದೆ ಎಂದ ಒಮ್ಮೆ. ಒಂದು ಹನಿ ಮಳೆ ಬಿದ್ದರೂ ಅದು ಹಪ್ಪಳ ಎಂದ ಇನ್ನೊಮ್ಮೆ. ಆಮೇಲೆ, ಅಂಥದ್ದನ್ನು ಹಾಕುವವರೆಲ್ಲ ರೌಡಿಗಳು. ತಂಗಿ ಎರಡು ಮಳೆಗಾಲ ಅದರಲ್ಲೇ ನೆನೆದು ಬಂದು, ನೆರಳಿನಲ್ಲಿ ಆರಹಾಕಿ, ಮತ್ತೆ ಹಾಕಿಕೊಂಡಳು. ಹಪ್ಪಳವೇನೂ ಆಗಲಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ನಂಬುವ ಆಸಾಮಿಯಲ್ಲ ಅವನು. ಬೆಳಗಾಗೆದ್ದು ಯಾರನ್ನೂ ಕೇಳದೆ ಗೇಟು ದಾಟಿ ಹೋಗುವ ಹೆಂಗಸು ಅವನ ಕಣ್ಣಿಗೆ ಚುಚ್ಚುತ್ತಿದ್ದಳು. ಆ ಸಿಟ್ಟಿಗೆ ಒಂದು ಶಾಸ್ತ್ರ ಬೇಕಿತ್ತು, ಅಷ್ಟೇ.

ಅವತ್ತು ಜಾಕೆಟ್ಟು ದೇವರ ಕೋಣೆಯ ಎದುರಿನ ಗೂಟದಲ್ಲಿ ನೇತಾಡುತ್ತಿತ್ತು.

"ದ್ಯಾವ್ರ ಎದ್ರುಗೆ ದನದ ಚರ್ಮ ನೇತಾಕಿದ್ದೀಯಲ್ಲಮ್ಮಾ, ಮನೆ ಉದ್ಧಾರ ಆಯ್ತದಾ?" ಎಂದ ಚಿಕ್ಕಪ್ಪ.

"ದನದ್ದಲ್ಲ ಚಿಕ್ಕಪ್ಪ, ಕುರೀದು" ಎಂದಳು ತಂಗಿ.

"ಯಾವ್ದಾದ್ರೇನು, ಚರ್ಮ ಚರ್ಮಾನೇ."

ನನಗೆ ತಡೆಯಲಾಗಲಿಲ್ಲ. "ಒಲೆ ಮೇಲೆ ಬೇಯ್ತಿರೋದೂ ಕುರೀನೇ ಚಿಕ್ಕಪ್ಪ. ಅದನ್ನ ಗೇಟಿಂದಾಚೆ ಕೂತ್ಕೊಂಡ್ ತಿಂತೀಯಾ?"

ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ನಗುವೇ ಕೇಡಾಯಿತು. ಚಿಕ್ಕಪ್ಪ ಎದ್ದು ಜಾಕೆಟ್ಟನ್ನು ಗೂಟದಿಂದ ಕಿತ್ತ.

"ಚರ್ಮ ಅಂತೆ ಚರ್ಮ, ಯಾವೋನ್ ಯೋಳ್ದ? ಇದು ಬರೀ ರೆಕ್ಸಿನ್ನು. ಯಾವನೋ ಗಲ್ಲೀಲಿ ಟೋಪಿ ಹಾಕ್ದ, ನಿನ್ ಗಂಡ ಹಾಕಿಸ್ಕೊಂಡ್ ಬಂದ. ಪಾಪ, ಅವ್ನಿಗೆಲ್ಲಿತ್ತು ಅಷ್ಟು ಬುದ್ಧಿ!"

ಒಂದು ಗಳಿಗೆಯಲ್ಲಿ ಅದು ದನದ ಚರ್ಮವೂ ಆಗಿ, ಚರ್ಮವೇ ಅಲ್ಲದ್ದೂ ಆಯಿತು.

ತಂಗಿ ಎದ್ದು ನಿಂತಳು. "ನನ್ನ ಏನಾದ್ರೂ ಅನ್ನು. ಅವ್ರ ಸುದ್ದಿಗ್ ಬರ್ಬೇಡ. ಅವ್ರು ಇಷ್ಟಪಟ್ಟು ತಗೊಂಡಿದ್ದು ಅದು. ಕೊಡು ಇಲ್ಲಿ."

"ಅಂಗಾದ್ರೆ ಪರೀಕ್ಸೆ ಮಾಡೇಬಿಡಾಣ. ಅಸಲಿ ಚರ್ಮಕ್ಕೆ ಬೆಂಕಿ ತಗಲಲ್ಲ. ಸುಡದಿದ್ರೆ ಈ ಗೂಟದಾಗೇ ಇರ್ಲಿ, ನಾನು ಬಾಯ್ ಬಿಡಕಿಲ್ಲ. ಸುಟ್ರೆ ಇದೂ ಆಚೆ, ಬೈಕೂ ಆಚೆ. ಎಲ್ಲಾರ ಮನೆ ಎಣ್ಮಕ್ಕಳಂಗೆ ಬಸ್ಸಲ್ಲಿ ಓಗು."

"ಬೇಡ ಚಿಕ್ಕಪ್ಪ, ಬೇಡ!"

ಅವಳು ಕೈ ಚಾಚುವಷ್ಟರಲ್ಲಿ ದೇವರ ಮುಂದಿನ ಬೆಂಕಿಪೊಟ್ಟಣ ಅವನ ಕೈಯಲ್ಲಿತ್ತು. ಕಡ್ಡಿ ಗೀರಿ ಜಾಕೆಟ್ಟಿನ ತೋಳಿನ ತುದಿಗೆ ಹಿಡಿದೇಬಿಟ್ಟ.

ರೆಕ್ಸಿನ್ನಿನ ಹಾಗೆ ಅದು ಕರಗಿ ತೊಟ್ಟಿಕ್ಕಲಿಲ್ಲ. ಅಂಚು ಸೆಟೆದು, ಮುರುಟಿ, ಇದ್ದಿಲಾಯಿತು. ಹಿಂದೆಯೇ ವಾಸನೆ ಎದ್ದಿತು. ಆ ವಾಸನೆ ನಮ್ಮ ಮನೆಯಲ್ಲಿ ಯಾರಿಗೂ ಹೊಸದಲ್ಲ. ಹಬ್ಬಕ್ಕೆ ಕುರಿ ಕಡಿದಾಗ ಹಿತ್ತಿಲಲ್ಲಿ ತಲೆ, ಕಾಲು ಸುಡುತ್ತಾರಲ್ಲ, ಆಗ ಬರುವುದು ಇದೇ. ಸುಡುವವನು ಚಿಕ್ಕಪ್ಪನೇ.

"ನೋಡಿದ್ರಾ? ಸುಡ್ತು. ನಕಲಿ!" ಎಂದ, ಗೆದ್ದವನ ಹಾಗೆ.

ಅಮ್ಮ ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿದಳು. ಅಪ್ಪ ಹೋದ ಮೇಲೆ ಮೈದುನನ ಎದುರು ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. "ಮೂಗಿಲ್ವೇನಪ್ಪಾ ನಿಂಗೆ? ವರ್ಸಾವರ್ಸ ಕುರಿ ಕಾಲು ಸುಡೋನು ನೀನು. ಚರ್ಮ ಸುಡಲ್ಲ ಅಂತ ಯಾರ್ ಯೋಳ್ಕೊಟ್ರು?"

"ಅತ್ತಿಗೆ, ನೀವು ಸುಮ್ಕಿರಿ. ಸುಟ್ರೆ ಆಚೆ ಅಂತ ಮಾತಾಗೈತೆ."

"ಮಾತಾಡಿದ್ದು ನೀನೊಬ್ನೇ. ಅವ್ಳು ಬ್ಯಾಡ ಅಂದ್ಲು."

"ನನ್ ಮನೇಲಿ ನನ್ ಮಾತೇ" ಎಂದು ಜಾಕೆಟ್ಟನ್ನು ಅಂಗಳಕ್ಕೆ ಎಸೆದ. ಬೈಕಿನ ಕೀ ಕೇಳಿದ. ತಂಗಿ ಕೊಡಲಿಲ್ಲ. ಹೊರಗೆ ಹೋಗಿ ಜಾಕೆಟ್ಟನ್ನು ಎತ್ತಿಕೊಂಡು, ಧೂಳು ಕೊಡವಿ, ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಕರೆದರೂ ಊಟಕ್ಕೆ ಬರಲಿಲ್ಲ. ನಾವ್ಯಾರೂ ಉಣ್ಣಲಿಲ್ಲ. ಚಿಕ್ಕಪ್ಪ ಒಬ್ಬನೇ ಕೂತು ಎರಡು ಮುದ್ದೆ ಉಂಡ. ಅವನು ಮೂಳೆ ಚೀಪುವ ಸದ್ದು ಮನೆಗೆಲ್ಲ ಕೇಳುತ್ತಿತ್ತು.

ಮುಂದಿನ ವಾರ ತಂಗಿ ಮಾಕಳಿಯಲ್ಲಿ ಒಂದು ಪುಟ್ಟ ಮನೆ ಹಿಡಿದಳು. ಸಾಮಾನು ಕಟ್ಟಲು ನಾನೂ ಬಂದಿದ್ದೆ. ಸಾಮಾನಿಗೆ ಗೂಡ್ಸ್ ಆಟೋ ಗೇಟಿನ ಬಳಿ ಬಂದು ನಿಂತಿತು. ಅವಳು ಬೈಕು ಸ್ಟಾರ್ಟ್ ಮಾಡುವ ಹೊತ್ತಿಗೆ ಅಮ್ಮ ಒಳಗಿನಿಂದ ತನ್ನ ಸೀರೆಗಳ ಗಂಟು ತಂದು ಆಟೋದಲ್ಲಿಟ್ಟಳು. ಆಮೇಲೆ ಡ್ರೈವರನ ಪಕ್ಕ ಹತ್ತಿ ಕೂತಳು.

"ಅತ್ತಿಗೆ, ನೀವೆಲ್ಲಿಗೆ?" ಎಂದು ಚಿಕ್ಕಪ್ಪ ಕುರ್ಚಿಯಿಂದ ಎದ್ದ.

"ನಡಿಯಪ್ಪ" ಎಂದಳು ಅಮ್ಮ, ಡ್ರೈವರನಿಗೆ.